ಜಲಪರ್ಣಿ ತೆಗೆಸಿದ ಎರಡೇ ತಿಂಗಳಿಗೆ ಹೊಂಡ ಮತ್ತೆ ತುಂಬಿತು: ತಪ್ಪಿದ್ದು ಎಲ್ಲಿ?

ಪ್ರಶ್ನೆ: ನಾವಿರುವುದು ಪುಣೆ ಹತ್ತಿರದ ಮೋಶಿಯಲ್ಲಿ. ಸೊಸೈಟಿಯ ಹಿಂದೆ ಹಳೇ ಕಲ್ಲುಗಣಿಯ ಹೊಂಡವಿದೆ, ಸುಮಾರು 20 ಗುಂಟೆ. ಮೂರು ವರ್ಷದಿಂದ ಅದರಲ್ಲಿ ಜಲಪರ್ಣಿ (ವಾಟರ್ ಹಯಸಿಂತ್) ಎಂಬ ತೇಲುವ ಕಳೆ. ಈ ವರ್ಷ ಮಾರ್ಚ್ ಮೂರನೇ ವಾರದಲ್ಲಿ ವಂತಿಗೆ ಎತ್ತಿ, ಪೊಕ್ಲೇನ್ ತರಿಸಿ ತೆಗೆಸಿದೆವು. ತೆಗೆದದ್ದನ್ನು ದಂಡೆಯ ಮೇಲೇ ರಾಶಿ ಹಾಕಿ ಹೋದರು. ಮೇ ಮುಗಿಯುವಷ್ಟರಲ್ಲಿ ಮತ್ತೆ ನೀರೇ ಕಾಣದಂತಾಯಿತು. ಗಣಪತಿ ಹಬ್ಬ ಮುಗಿದ ಮೇಲೆ ಸಭೆ ಸೇರಿದರೆ ಒಬ್ಬರು ಔಷಧಿ ಹೊಡೆಸೋಣ ಅಂದರು, ಒಬ್ಬರು ಹುಲ್ಲುಗೆಂಡೆ ಮೀನು ಬಿಡೋಣ ಅಂದರು, ಮತ್ತೊಬ್ಬರು ಹುಳ ಬಿಡೋಣ ಅಂದರು. ಮಳೆಯಲ್ಲಿ ನಾಲೆಗೆ ತಳ್ಳಿಬಿಟ್ಟರೆ ಖರ್ಚೇ ಇಲ್ಲ ಅಂತ ಗುತ್ತಿಗೆದಾರ ಹೇಳುತ್ತಾನೆ. ನಮ್ಮ ಎಸ್‌ಟಿಪಿಯ (ಕೊಳಚೆ ನೀರು ಶುದ್ಧೀಕರಿಸುವ ಘಟಕದ) ಹೆಚ್ಚುವರಿ ನೀರು, ದಿನಕ್ಕೆ 50 ಸಾವಿರ ಲೀಟರಿನಷ್ಟು, ಇದೇ ಹೊಂಡಕ್ಕೆ ಹೋಗುತ್ತದೆ. ಸೊಳ್ಳೆ ಕಾಟ ಹೇಳತೀರದು. ಏನು ಮಾಡಬೇಕು? ತೆಗೆದದ್ದನ್ನು ಗೊಬ್ಬರ ಮಾಡಬಹುದೇ? ನಮ್ಮದು ಅಫಜಲಪುರ ತಾಲ್ಲೂಕು. ಊರಲ್ಲಿ ಅಂತರಗಂಗೆ ಅನ್ನುವುದು ಇದನ್ನೇ ಏನು?

ಉತ್ತರ: ಹೆಸರಿನಿಂದ ಶುರು ಮಾಡೋಣ. ನಮ್ಮ ಕಡೆ ಅಂತರಗಂಗೆ ಅನ್ನುವ ಒಂದೇ ಮಾತು ಎರಡು ಗಿಡಗಳಿಗೆ ನಡೆಯುತ್ತದೆ. ಒಂದು, ಎಲೆಕೋಸಿನ ಮರಿಯ ಹಾಗೆ ನೀರಿಗಂಟಿ ಕೂರುವ, ಮಖಮಲ್ಲಿನಂಥ ತಿಳಿಹಸಿರು ಎಲೆಯ ಪಿಸ್ಟಿಯಾ. ಇನ್ನೊಂದು, ಪುಣೆಯಲ್ಲಿ ಜಲಪರ್ಣಿ ಎಂದು ಕರೆಯುವ, ನೇರಳೆ ಹೂವಿನ ಗಿಡ. ಸಸ್ಯಶಾಸ್ತ್ರದ ಹಳೆಯ ಪುಸ್ತಕಗಳಲ್ಲಿ ಇದರ ಹೆಸರು ಐಕೋರ್ನಿಯಾ ಕ್ರಾಸಿಪಿಸ್, ಈಗ ಪಾಂಟಡೇರಿಯಾ ಕ್ರಾಸಿಪಿಸ್. ಮೂಲ ಅಮೆಜಾನ್ ಕೊಳ್ಳ. ಹೂವಿನ ಅಂದಕ್ಕೆಂದು 19ನೇ ಶತಮಾನದ ಕೊನೆಯ ಹೊತ್ತಿಗೆ ಬಂಗಾಳಕ್ಕೆ ತಂದರು. 1936ರಲ್ಲಿ ಅಲ್ಲಿ ಇದನ್ನು ಹತ್ತಿಕ್ಕಲು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು.

ನಿಮ್ಮ ಹೊಂಡದ್ದು ಯಾವುದು ಅಂತ ಅನುಮಾನವಿದ್ದರೆ ಒಂದು ಗಿಡ ಎತ್ತಿ ಕೈಯಲ್ಲಿ ಹಿಡಿದು ನೋಡಿ. ಎಲೆಯ ತೊಟ್ಟು ಬುಡದಲ್ಲಿ ಚಿಕ್ಕ ಬದನೆಕಾಯಿಯ ಹಾಗೆ ಊದಿಕೊಂಡಿರುತ್ತದೆ. ಚಾಕುವಿನಿಂದ ಸೀಳಿದರೆ ಒಳಗೆ ಸ್ಪಂಜು, ಅದರ ತುಂಬ ಗಾಳಿ. ಗಿಡ ತೇಲುವುದು ಇದರಿಂದಲೇ. ಗಿಡಗಳು ಒತ್ತೊತ್ತಾಗಿ ನೆರೆದಾಗ ಈ ಉಬ್ಬು ಮಾಯವಾಗಿ ತೊಟ್ಟು ಮೊಳದುದ್ದ ನೆಟ್ಟಗೆ ಬೆಳೆಯುತ್ತದೆ. ಹಾಗಾಗಿ ಅಂಚಿನ ಗಿಡಕ್ಕೂ ನಡುವಿನ ಗಿಡಕ್ಕೂ ಸಂಬಂಧವೇ ಇಲ್ಲವೇನೋ ಅನ್ನಿಸುತ್ತದೆ, ಆದರೆ ಎರಡೂ ಒಂದೇ. ಬೇರು ಕಪ್ಪು-ನೇರಳೆ, ಹಕ್ಕಿಯ ಗರಿಯ ಹಾಗೆ ಎಳೆಎಳೆ. ಬುಡದಿಂದ ಅಡ್ಡಕ್ಕೆ ಬೆರಳು ಗಾತ್ರದ ಬಿಳಿಚಿದ ಕುಡಿಯೊಂದು ಹೊರಟಿರುತ್ತದೆ, ಅದರ ತುದಿಯಲ್ಲಿ ಪುಟ್ಟ ಮರಿಗಿಡ. ನಿಮ್ಮ ಹಣ ನೀರುಪಾಲಾದದ್ದು ಈ ಕುಡಿಯಿಂದ.

ಲೆಕ್ಕ ಹಾಕಿ ನೋಡಿ. 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿ, ಬೇಕಾದಷ್ಟು ಆಹಾರ ಸಿಕ್ಕರೆ ಜಲಪರ್ಣಿ ಒಂದೆರಡು ವಾರದಲ್ಲಿ ಇಮ್ಮಡಿಸುತ್ತದೆ. ಎರಡು ವಾರ ಅಂತಲೇ ಇಟ್ಟುಕೊಳ್ಳೋಣ. ಪೊಕ್ಲೇನಿನವರು ನೂರಕ್ಕೆ 95 ಪಾಲು ತೆಗೆದರು ಅಂದುಕೊಳ್ಳಿ, ಕೆಲಸ ಚೆನ್ನಾಗಿಯೇ ಆಯಿತು. ಉಳಿದ 5 ಪಾಲು ಎರಡು ವಾರಕ್ಕೆ 10, ನಾಲ್ಕಕ್ಕೆ 20, ಆರಕ್ಕೆ 40, ಎಂಟಕ್ಕೆ 80. ಒಂಬತ್ತನೇ ವಾರಕ್ಕೆ ಹೊಂಡ ಭರ್ತಿ. ಮಾರ್ಚ್ ಮೂರನೇ ವಾರದಿಂದ ಒಂಬತ್ತು ವಾರ ಎಣಿಸಿದರೆ ಮೇ ನಾಲ್ಕನೇ ವಾರದ ಹೊತ್ತು ಬರುತ್ತದೆ, ನೀವು ಬರೆದದ್ದೂ ಹೆಚ್ಚೂಕಮ್ಮಿ ಅದನ್ನೇ. ಅಂದರೆ ನಿಮ್ಮ ಹೊಂಡದಲ್ಲಿ ವಿಚಿತ್ರವಾದದ್ದೇನೂ ನಡೆದಿಲ್ಲ. ಕಣ್ಣಿಗೆ ಸ್ವಚ್ಛ ಅನ್ನಿಸಿದ ದಿನ ಕೆಲಸ ನಿಲ್ಲಿಸಿದಿರಿ, ಆ ದಿನದಿಂದಲೇ ನಿಜವಾದ ಕೆಲಸ ಶುರುವಾಗಬೇಕಿತ್ತು. ಮೊದಲ 95 ಪಾಲಿಗೆ ಯಂತ್ರ ಸಾಕು. ಕೊನೆಯ 5 ಪಾಲಿಗೆ ಕೈ, ಬಲೆ, ಕಣ್ಣು ಮತ್ತು ನಾಲ್ಕು ತಿಂಗಳ ತಾಳ್ಮೆ ಬೇಕು. ಗುತ್ತಿಗೆಯಲ್ಲಿ ಮೊದಲನೆಯದಕ್ಕೆ ಮಾತ್ರ ದುಡ್ಡು ಬರೆದಿರುತ್ತಾರೆ, ಪಾಲಿಕೆಗಳ ಕೆಲಸದಲ್ಲೂ ಹೆಚ್ಚಾಗಿ ಆಗುವುದು ಹೀಗೆಯೇ.

ಎರಡನೆಯ ತಪ್ಪು ತಿಂಗಳಿನದು. ಮಾರ್ಚ್ ಅಂದರೆ ಗಿಡ ಓಟ ಕಿತ್ತಿರುವ ಕಾಲ, ಕಣ್ಣಿಗೆ ರಾಚುವಷ್ಟು ಬೆಳೆದಾಗಲೇ ನಮಗೆ ಅದರ ನೆನಪಾಗುವುದು. ಪುಣೆಯಲ್ಲಿ ಡಿಸೆಂಬರ್-ಜನವರಿಯ ರಾತ್ರಿಗಳು 10-12 ಡಿಗ್ರಿಗೆ ಇಳಿಯುತ್ತವೆ, ಆಗ ಇದರ ಬೆಳವಣಿಗೆ ಮಂದವಾಗುತ್ತದೆ. ಯಂತ್ರದ ಕೆಲಸ ಅಕ್ಟೋಬರ್ ಕೊನೆಯಿಂದ ನವೆಂಬರಿನೊಳಗೆ ಮುಗಿಸಿದರೆ, ಉಳಿದದ್ದನ್ನು ಹೆಕ್ಕಲು ಚಳಿಗಾಲದ ಎರಡು ತಿಂಗಳು ನಿಮ್ಮ ಕೈಗೆ ಸಿಗುತ್ತವೆ. ಫೆಬ್ರುವರಿಯ ಬಿಸಿಲು ಏರುವ ಹೊತ್ತಿಗೆ ಹೊಂಡದಲ್ಲಿ ಒಂದು ಗಿಡವೂ ಇರಬಾರದು, ಗುರಿ ಇಷ್ಟೇ. ನೀವು ಈಗ ಬರೆದದ್ದು ಒಳ್ಳೆಯದಾಯಿತು, ಸಮಯ ಸರಿಯಾಗಿದೆ.

ಮೂರನೆಯದು ದಂಡೆಯ ರಾಶಿ. 20 ಗುಂಟೆ ಅಂದರೆ ಸುಮಾರು 2,000 ಚದರ ಮೀಟರ್. ದಟ್ಟ ಜಲಪರ್ಣಿ ಚದರ ಮೀಟರಿಗೆ 25-30 ಕಿಲೋ ತೂಗುತ್ತದೆ, ಗುಂಟೆಗೆ ಮೂರು ಟನ್ನಿಗೆ ಸ್ವಲ್ಪ ಕಡಿಮೆ ಅಂತ ನೆನಪಿಟ್ಟುಕೊಳ್ಳಿ. ನಿಮ್ಮ ಹೊಂಡದಲ್ಲಿ ಸುಮಾರು 55 ಟನ್. ಅದರಲ್ಲಿ ನೂರಕ್ಕೆ 95 ಪಾಲು ನೀರೇ. ಒಣಗಿದ ಮೇಲೆ ಉಳಿಯುವುದು ಎರಡೂಮುಕ್ಕಾಲು ಟನ್. ಒಣತೂಕದ ನೂರಕ್ಕೆ ಎರಡು ಪಾಲು ಸಾರಜನಕ ಅಂತ ಹಿಡಿದರೂ 55 ಕಿಲೋ ಆಯಿತು. 45 ಕಿಲೋದ ಯೂರಿಯಾ ಚೀಲದ ಲೆಕ್ಕದಲ್ಲಿ ಹೇಳುವುದಾದರೆ ಎರಡೂವರೆ ಚೀಲಕ್ಕಿಂತ ಹೆಚ್ಚು. ರಾಶಿಯನ್ನು ನೀರಂಚಿಗೇ ಬಿಟ್ಟು ಕೊಳೆಸಿದಿರಲ್ಲ, ಆ ರಸವೆಲ್ಲ ಇಳಿಜಾರಿನಲ್ಲಿ ಹರಿದು ಹೊಂಡಕ್ಕೆ ಬಂತು. ಸಾಲದ್ದಕ್ಕೆ, ರಾಶಿಯ ತಳದಲ್ಲಿ ತೇವ ಇರುವಷ್ಟು ದಿನ ಬುಡಗಳು ಜೀವ ಹಿಡಿದುಕೊಂಡಿರುತ್ತವೆ. ಅವಕಾಳಿ (ಅಕಾಲಿಕ) ಮಳೆಯ ಒಂದು ಜೋರು ಹೊಡೆತ ಸಾಕು, ಕೆಲವು ಉರುಳಿ ಮತ್ತೆ ನೀರು ಸೇರುತ್ತವೆ.

ಇವೆಲ್ಲಕ್ಕಿಂತ ದೊಡ್ಡ ವಿಷಯ ನೀವು ಪತ್ರದಲ್ಲಿ ಒಂದೇ ಸಾಲಿನಲ್ಲಿ ಬರೆದಿರುವ ಎಸ್‌ಟಿಪಿ ನೀರು. ಸೊಸೈಟಿಗಳ ಎಸ್‌ಟಿಪಿಗಳನ್ನು ಬಹುಪಾಲು ಬಿಓಡಿ (ನೀರಿನ ಆಮ್ಲಜನಕ ತಿನ್ನುವ ಕೊಳೆಯ ಅಳತೆ) ಮತ್ತು ತೇಲುವ ಕಸ ಇಳಿಸಲೆಂದೇ ಕಟ್ಟಿರುತ್ತಾರೆ. ನೀರು ತಿಳಿಯಾಗಿ, ವಾಸನೆಯಿಲ್ಲದೆ ಹೊರಬರುತ್ತದೆ, ರಿಪೋರ್ಟಿನಲ್ಲಿ ಎಲ್ಲ ಸರಿ ಅಂತಲೇ ಇರುತ್ತದೆ. ಆದರೆ ಸಾರಜನಕ ಮತ್ತು ರಂಜಕ ಕರಗಿಯೇ ಉಳಿದಿರುತ್ತವೆ. ಲೀಟರಿಗೆ 20 ಮಿಲಿಗ್ರಾಂ ಸಾರಜನಕ ಇದ್ದರೆ, 50 ಸಾವಿರ ಲೀಟರಿನಲ್ಲಿ ದಿನಕ್ಕೆ ಒಂದು ಕಿಲೋ. ಎರಡು ತಿಂಗಳಲ್ಲಿ 60 ಕಿಲೋ. ಹೊಂಡದ ಇಡೀ ಜಲಪರ್ಣಿಯ ಮೈಯಲ್ಲಿರುವಷ್ಟು ಸಾರಜನಕವನ್ನು ನೀವೇ ಎರಡು ತಿಂಗಳಿಗೊಮ್ಮೆ ಹೊಂಡಕ್ಕೆ ಬಡಿಸುತ್ತಿದ್ದೀರಿ. ಮಳೆಗಾಲದಲ್ಲಂತೂ ತೋಟಕ್ಕೆ ನೀರು ಬೇಡ, ಎಸ್‌ಟಿಪಿಯ ನೀರು ಅಷ್ಟೂ ಹೊಂಡಕ್ಕೇ.

ಆದ್ದರಿಂದ ಯಂತ್ರ ಗೊತ್ತು ಮಾಡುವ ಮುಂಚೆ ಪ್ರಯೋಗಾಲಯಕ್ಕೆ ಎರಡು ಬಾಟಲಿ ಕಳಿಸಿ, ಒಂದು ಎಸ್‌ಟಿಪಿಯ ಹೊರನೀರು, ಒಂದು ಹೊಂಡದ ನೀರು. ಮಾಮೂಲಿ ಪಟ್ಟಿಯಲ್ಲಿ ಇರುವುದಿಲ್ಲ, ಆದ್ದರಿಂದ ಒಟ್ಟು ಸಾರಜನಕ ಮತ್ತು ಒಟ್ಟು ರಂಜಕ ಬೇಕೆಂದು ಬಾಯಿ ಬಿಟ್ಟು ಕೇಳಿ. ಹೊಂಡದಲ್ಲಿ ರಂಜಕ ಲೀಟರಿಗೆ 0.1 ಮಿಲಿಗ್ರಾಂಗಿಂತ ಕೆಳಗಿದ್ದರೆ ಜಲಪರ್ಣಿ ಸೊರಗುತ್ತದೆ. ನಿಮ್ಮಲ್ಲಿ ಅದರ ಹತ್ತಾರು ಪಟ್ಟು ಬಂದರೂ ಆಶ್ಚರ್ಯವಿಲ್ಲ. ಎಸ್‌ಟಿಪಿಯಲ್ಲೇ ರಂಜಕ ಇಳಿಸಲು ಸುಲಭದ ದಾರಿ ಪಟಿಕ. ಒಂದು ಪಾಲು ರಂಜಕಕ್ಕೆ 10ರಿಂದ 20 ಪಾಲು ಪಟಿಕ ಹಿಡಿಯುತ್ತದೆ. ಹೊರನೀರಲ್ಲಿ ಲೀಟರಿಗೆ 5 ಮಿಲಿಗ್ರಾಂ ರಂಜಕ ಇದ್ದರೆ ದಿನದ 50 ಸಾವಿರ ಲೀಟರಿಗೆ ಎರಡೂವರೆಯಿಂದ ಐದು ಕಿಲೋ. ಕೊನೆಯ ನೆಲೆಗೊಳಿಸುವ ತೊಟ್ಟಿಗೆ ಮುಂಚೆ ಹಾಕಬೇಕು, ನಂತರ ಹಾಕಿದರೆ ಗಸಿ ಹೊಂಡಕ್ಕೇ ಹೋಗುತ್ತದೆ. ಸರಿಯಾದ ಪ್ರಮಾಣ ನಿಮ್ಮ ನೀರಿನ ಮೇಲೇ ನಿಂತಿದೆ. ಆಪರೇಟರ್ ಒಂದೊಂದು ಲೀಟರಿನ ಐದಾರು ಜಾಡಿಗಳಲ್ಲಿ ಬೇರೆಬೇರೆ ಪ್ರಮಾಣ ಹಾಕಿ, ಕಲಕಿ, ಅರ್ಧ ತಾಸು ಬಿಟ್ಟು ನೋಡಿ ಗೊತ್ತು ಮಾಡಬೇಕು. ಪಿಎಚ್ 6.5ಕ್ಕಿಂತ ಇಳಿಯಬಾರದು, ಗಸಿಯನ್ನು ಆಗಾಗ ತೆಗೆಯಬೇಕು. ಇದಕ್ಕಿಂತ ಒಳ್ಳೆಯದು, ಆ ನೀರನ್ನು ಹೊಂಡಕ್ಕೆ ಬಿಡದೆ ಫ್ಲಶ್ ಮತ್ತು ತೋಟಕ್ಕೆ ಪೂರ್ತಿ ಬಳಸುವುದು. ಮುಂಬಯಿಯ ಪವಾಯಿ ಕೆರೆಯನ್ನು ನೋಡಿ: 1891ರಲ್ಲಿ ಕುಡಿಯುವ ನೀರಿಗೆಂದು ಕಟ್ಟಿದ್ದು. ಸುತ್ತಲಿನ ಬಡಾವಣೆಗಳ ಕೊಳಚೆ ಸೇರುತ್ತಿರುವವರೆಗೂ ಎಷ್ಟು ಸಲ ತೆಗೆದರೂ ಅಲ್ಲಿ ಜಲಪರ್ಣಿ ಮರಳಿ ಬಂದಿದೆ.

ಇನ್ನು ತೆಗೆಯುವ ಬಗೆ. ಮೊದಲೇ ಒಂದು ಎಚ್ಚರಿಕೆ: ಕಲ್ಲುಗಣಿಯ ಹೊಂಡ ಕೆರೆಯಲ್ಲ. ಕೆರೆಯ ದಂಡೆ ಮೆಲ್ಲಗೆ ಇಳಿಯುತ್ತದೆ. ಗಣಿಯಲ್ಲಿ ಒಂದು ಹೆಜ್ಜೆಗೆ ಮೊಣಕಾಲು, ಎರಡನೆಯದಕ್ಕೆ ತಲೆ ಮುಳುಗುವ ಆಳ. ಮೇಲೆ ಹಸಿರು ಹಾಸಿದ್ದರೆ ಅಂಚು ಎಲ್ಲಿದೆ ಅಂತಲೂ ತಿಳಿಯದು. ಯಾರೂ ನೀರಿಗಿಳಿಯಕೂಡದು, ಎಷ್ಟೇ ಈಜು ಬಂದರೂ. ಬೇರುಗಳ ಜಾಲದಲ್ಲಿ ಸಿಕ್ಕಿಕೊಂಡರೆ ಈಜು ಕೈಕೊಡುತ್ತದೆ. ತೆಪ್ಪದಲ್ಲಿ ಹೋಗುವವರಿಗೂ ದಂಡೆಯಲ್ಲಿ ಹಗ್ಗ ಎಳೆಯುವವರಿಗೂ ಲೈಫ್ ಜಾಕೆಟ್, ಗಮ್‌ಬೂಟು, ಕೈಗವಸು ಕೊಡಿ. ಕೊಳಚೆ ಬೆರೆತ ನೀರಲ್ಲಿ ಇಲಿಜ್ವರದ ಭಯವಿದೆ, ಕೈಕಾಲಲ್ಲಿ ಗಾಯವಿರುವವರನ್ನು ದೂರವಿಡಿ. ರಾಶಿ ಎತ್ತುವಾಗ ಮೊದಲು ಕೋಲಿನಿಂದ ಕೆದಕಿ, ಹಾವುಗಳು ಅದರಡಿ ಸೇರಿಕೊಂಡಿರುತ್ತವೆ.

20 ಗುಂಟೆಯ ಹೊಂಡ ಹೆಚ್ಚೂಕಮ್ಮಿ 45 ಮೀಟರ್ ಉದ್ದ, ಅಷ್ಟೇ ಅಗಲ. ಜೆಸಿಬಿಯ ಕೈ ಐದಾರು ಮೀಟರ್ ಚಾಚುತ್ತದೆ, ಉದ್ದತೋಳಿನ ಪೊಕ್ಲೇನ್ ಹದಿನೈದರವರೆಗೆ. ನಡುವಿನದು ಯಾವ ಯಂತ್ರಕ್ಕೂ ಎಟುಕದು. ಹೋದ ಸಲ ನಡುವಿನ ಗಿಡವನ್ನು ಹೇಗೋ ಎಳೆದಾಡಿ, ಎಟುಕದ್ದನ್ನು ಅಲ್ಲೇ ಬಿಟ್ಟಿರುತ್ತಾರೆ. ಅದಕ್ಕೆ ಗಿಡವನ್ನೇ ಯಂತ್ರದ ಬಳಿಗೆ ತರಬೇಕು. 110 ಮಿಲಿಮೀಟರಿನ ಪಿವಿಸಿ ಪೈಪನ್ನು ಮೂರು ಮೀಟರ್ ತುಂಡು ಮಾಡಿ, ಎರಡೂ ತುದಿಗೆ ಮುಚ್ಚಳ ಅಂಟಿಸಿ. ಅಂಥ ಹದಿನೈದು ತುಂಡುಗಳನ್ನು 12 ಮಿಲಿಮೀಟರಿನ ನೈಲಾನ್ ಹಗ್ಗಕ್ಕೆ ಸಾಲಾಗಿ ಬಿಗಿಯಿರಿ. ಕೆಳಗೆ ಒಂದಡಿ ಅಗಲದ ಶೇಡ್‌ನೆಟ್ ಲಂಗದ ಹಾಗೆ ಇಳಿಬಿಡಿ. ಇದು ತೇಲುವ ಬೇಲಿ. ಯಂತ್ರದ ಎದುರು ದಂಡೆಯಿಂದ ಶುರು ಮಾಡಿ, ಎರಡೂ ಪಕ್ಕದಲ್ಲಿ ಮೂರು ಮೂರು ಜನ ಹಗ್ಗ ಹಿಡಿದು ಮೆಲ್ಲಗೆ ಎಳೆದು ತರಬೇಕು. ಇಡೀ ಹಾಸು ಒಮ್ಮೆಗೇ ಬಾರದು. ಉದ್ದ ಹಿಡಿಯ ಕುಡುಗೋಲಿನಿಂದ ನಾಲ್ಕೈದು ಮೀಟರ್ ಅಗಲದ ಪಟ್ಟಿಗಳಾಗಿ ಕೊಯ್ದುಕೊಳ್ಳಿ. ಕೊಯ್ಯುವಾಗ ಒಡೆಯುವ ಕುಡಿ, ಮರಿಗಳೆಲ್ಲ ಹಿಂದಿರುವ ಬೇಲಿಗೆ ತಡೆದು ನಿಲ್ಲುತ್ತವೆ. ಶೇಡ್‌ನೆಟ್ಟಿನ ಲಂಗ ಇರುವುದೇ ಅದಕ್ಕೆ, ಅದಿಲ್ಲದಿದ್ದರೆ ಮರಿಗಳು ಪೈಪಿನಡಿ ನುಸುಳಿ ಹೋಗುತ್ತವೆ.

ಯಂತ್ರದ ಬಕೆಟ್ ತೂತುಳ್ಳದ್ದಾಗಿರಲಿ, ಇಲ್ಲವೇ ಬಾಚಣಿಗೆಯಂಥ ಹಲ್ಲಿನದಾಗಿರಲಿ. ಮುಚ್ಚಿದ ಬಕೆಟ್ಟಿನಲ್ಲಿ ನೀರನ್ನೇ ಎತ್ತಿದಂತಾಗುತ್ತದೆ. ಹೊಂಡಕ್ಕೆ ಇಳಿಸುವ ಮುಂಚೆ ಬಕೆಟ್, ಚೈನು ಎಲ್ಲವನ್ನೂ ಜೋರು ನೀರಿನಲ್ಲಿ ತೊಳೆಸಿ. ನಿನ್ನೆ ಬೇರೆ ಕೆರೆಯಲ್ಲಿ ದುಡಿದ ಯಂತ್ರದ ಮೆತ್ತಿದ ಕೆಸರಲ್ಲಿ ಬೀಜ ಬರುತ್ತದೆ. ಮೂರು ದಿನಕ್ಕೆ ಮೂರನೇ ಒಂದು ಪಾಲಿನಂತೆ ತೆಗೆಯಿರಿ, ತಳದ ಹೂಳನ್ನು ಈಗ ಕದಡಬೇಡಿ. ಹಾಸಿನ ಕೆಳಗಿನ ನೀರಲ್ಲಿ ಆಮ್ಲಜನಕ ಮೊದಲೇ ತಳ ಕಂಡಿರುತ್ತದೆ, ಹೂಳು ಎದ್ದರೆ ಬೆಳಗಾಗುವಷ್ಟರಲ್ಲಿ ಮೀನು ಸತ್ತು ತೇಲುತ್ತವೆ.

ಎತ್ತಿದ್ದನ್ನು ನೀರಂಚಿನಿಂದ ಕನಿಷ್ಠ ಹತ್ತು ಮೀಟರ್ ಆಚೆ, ಮಳೆಗಾಲದ ನೀರಿನ ಗೆರೆಗಿಂತ ಮೇಲೆ ಹರಡಿ. ರಾಶಿ ಹಾಕದೆ ಒಂದಡಿ ದಪ್ಪಕ್ಕೆ ಹರಡಿ, ದಿನಕ್ಕೊಮ್ಮೆ ತಿರುವಿ ಹಾಕಿ. ಹೊಂಡದ ಕಡೆಗೆ ಗೇಣೆತ್ತರದ ಮಣ್ಣಿನ ಏರಿ ಕಟ್ಟಿ, ರಸ ಆ ಕಡೆ ಹರಿಯದಂತೆ. ಅಕ್ಟೋಬರ್ ಬಿಸಿಲಲ್ಲಿ ನಾಲ್ಕೈದು ದಿನಕ್ಕೆ ತೂಕ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಸಾಗಿಸುವುದಿದ್ದರೆ ಆಮೇಲೆ ಸಾಗಿಸಿ, ಟ್ರಾಲಿ ಬಾಡಿಗೆಯೂ ಅರ್ಧ ಉಳಿಯುತ್ತದೆ.

ಆಮೇಲೆ ಬರುವುದು ಹತ್ತು ದಿನಕ್ಕೊಂದು ಸುತ್ತು. ಮೂರು-ನಾಲ್ಕು ಮೀಟರಿನ ಬಿದಿರ ಗಳಕ್ಕೆ ಎರಡು ಸೆಂಟಿಮೀಟರ್ ಕಣ್ಣಿನ ಕೈಬಲೆ ಕಟ್ಟಿ ಇಬ್ಬರು ದಂಡೆ ಸುತ್ತಬೇಕು. ಹತ್ತು ದಿನ ಏಕೆಂದರೆ, ಮರಿಗಿಡ ತಾಯಿಯಿಂದ ಕಳಚಿಕೊಂಡು ತಾನೇ ಕುಡಿ ಬಿಡುವ ಮುಂಚೆ ಸಿಗಬೇಕು. ಎಸ್‌ಟಿಪಿ ನೀರು ಬೀಳುವ ಬಾಯಿ, ಜೊಂಡಿನ ಬುಡ, ಬಂಡೆಗಳ ಸಂದು, ಪ್ಲಾಸ್ಟಿಕ್ ಕಸ ಸೇರುವ ಮೂಲೆ, ಸಿಕ್ಕರೆ ಅಲ್ಲೇ ಸಿಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದು ಹಸಿ ಕೆಸರು ತೋರಿದಾಗ ಇನ್ನೊಂದು ಜಾಗ ನೋಡಿ: ಬೀಜದಿಂದ ಹುಟ್ಟಿದ ಸಸಿಗಳು. ಇವಕ್ಕೆ ಊದಿದ ತೊಟ್ಟಿಲ್ಲ, ಒಂದಿಂಚಿನ ಪಟ್ಟಿಯಂಥ ಎಲೆ, ನೋಡಲು ಹುಲ್ಲಿನ ಮೊಳಕೆ. ಗುರುತು ಸಿಗದೆ ಬಿಟ್ಟರೆ ಮೊದಲ ಮಳೆಗೆ ನೀರೇರಿದಾಗ ಕಳಚಿ ತೇಲುತ್ತವೆ. ಹೂವು ಅರಳಿ ಬಾಡಿದ ಮೇಲೆ ಅದರ ದಂಟು ಬಾಗಿ ನೀರಿಗಿಳಿಯುತ್ತದೆ, ಅಲ್ಲಿ ಕಾಯಿ ಬಲಿತು ಬೀಜ ಹೂಳಿಗೆ ಸೇರುತ್ತದೆ. ಆ ಬೀಜ 15-20 ವರ್ಷವಾದರೂ ಮೊಳೆಯಬಲ್ಲದು. ಮೂರು ವರ್ಷದ ಹೂವಿನ ಬೀಜ ನಿಮ್ಮ ಹೂಳಲ್ಲಿ ಈಗಾಗಲೇ ಇದೆ ಎಂದೇ ತಿಳಿದು ನಡೆಯಿರಿ. ಮೇಲಿನ ಎಸಳಲ್ಲಿ ನವಿಲುಗರಿಯ ಕಣ್ಣಿನಂತೆ ಹಳದಿ ಬೊಟ್ಟು ಇರುವ ಆ ಹೂವನ್ನು ಚೆಂದ ಅಂತ ಮಕ್ಕಳು ಕಿತ್ತು ತಂದು ಬಾಲ್ಕನಿಯ ತೊಟ್ಟಿಗೆ ಹಾಕುತ್ತಾರೆ, ಅದನ್ನೂ ಕೇಳಿ ತೆಗೆಸಿ.

ಈಗ ಸಭೆಯಲ್ಲಿ ಬಂದ ಸಲಹೆಗಳು. ಔಷಧಿ ಬೇಡ. ಕಳೆನಾಶಕದಿಂದ ಗಿಡ ಸಾಯುವುದೇನೋ ನಿಜ, ಆದರೆ 55 ಟನ್ ಅಲ್ಲೇ ಮುಳುಗಿ ಕೊಳೆಯುತ್ತದೆ, ಇದ್ದಬದ್ದ ಆಮ್ಲಜನಕವನ್ನೂ ತಿಂದು, ಗೊಬ್ಬರವನ್ನೆಲ್ಲ ನೀರಿಗೇ ಹಿಂದಿರುಗಿಸುತ್ತದೆ. ಬೀಜಕ್ಕೆ ಏನೂ ಆಗದು. ಇನ್ನು ಗ್ಲೈಫೊಸೇಟಿನ ಬಳಕೆಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರಿನ ಅಧಿಸೂಚನೆಯಲ್ಲಿ ಪರವಾನಗಿ ಇರುವ ಕೀಟ ನಿಯಂತ್ರಕರಿಗೆ ಮಾತ್ರ ಸೀಮಿತಗೊಳಿಸಿತು, ವಾಚ್‌ಮನ್ ಕೈಗೆ ಪಂಪು ಕೊಟ್ಟು ಹೊಡೆಸುವ ವಸ್ತು ಅದಲ್ಲ. ಹುಲ್ಲುಗೆಂಡೆಯಿಂದಲೂ ಆಗದು. ಅದು ನೀರೊಳಗಿನ ಮೆತ್ತನೆ ಕಳೆಗಳನ್ನು ಇಷ್ಟಪಟ್ಟು ತಿನ್ನುತ್ತದೆ, ಜಲಪರ್ಣಿಯ ಬೇರನ್ನು ಅಷ್ಟಿಷ್ಟು ಕಚ್ಚಿ ಬಿಟ್ಟುಬಿಡುತ್ತದೆ.

ಹುಳದ ಮಾತು ತೂಕದ್ದು, ಹೇಳಿದವರು ಓದಿಕೊಂಡವರೇ ಇರಬೇಕು. ನಿಯೋಕೆಟಿನಾ ಎಂಬ ಸೊಂಡಿಲುಹುಳದ ಎರಡು ಜಾತಿಗಳನ್ನು 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತರಿಸಿ, ಪರೀಕ್ಷೆ ನಡೆಸಿ, ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟರು. ಕೆಲವೇ ವರ್ಷಗಳಲ್ಲಿ ಅಲ್ಲಿ ಒಳ್ಳೆಯ ಫಲ ಸಿಕ್ಕಿತು. ನಾಲ್ಕೈದು ಮಿಲಿಮೀಟರಿನ ಈ ಹುಳ ರಾತ್ರಿ ಹೊತ್ತು ಎಲೆ ಕೆರೆಯುತ್ತದೆ. ಎಲೆಯ ಮೇಲೆ ಎಳ್ಳುಕಾಳಿನಷ್ಟಗಲ ಚೌಕ ಚೌಕ ಕಂದು ಕಲೆಗಳಿದ್ದರೆ ನಿಮ್ಮಲ್ಲಿ ಅದು ತಾನಾಗೇ ಬಂದಿದೆ ಎಂದರ್ಥ. ನಿಜವಾದ ಹಾನಿ ಮಾಡುವುದು ಮರಿ, ತೊಟ್ಟಿನೊಳಗೆ ಸುರಂಗ ಕೊರೆದು ಗಿಡದ ಬುಡಕ್ಕಿಳಿಯುತ್ತದೆ, ಆಮೇಲೆ ನೀರೊಳಗಿನ ಬೇರುಗಳ ನಡುವೆ ಗೂಡು ಕಟ್ಟುತ್ತದೆ. ಆದ್ದರಿಂದ ಗಿಡ ಎತ್ತಿದರೆ ಹುಳವೂ ಹೋಯಿತು. ಹುಳ ಬಿಟ್ಟು ಪ್ರತಿ ವರ್ಷ ಯಂತ್ರವನ್ನೂ ತರುವವರು ಎರಡೂ ಹಣ ಕಳೆದುಕೊಳ್ಳುತ್ತಾರೆ. ಅದಕ್ಕೆ ಎರಡರಿಂದ ನಾಲ್ಕು ವರ್ಷ, ಯಾರೂ ಮುಟ್ಟದ ಹಾಸು ಬೇಕು. ಗೊಬ್ಬರ ಹೆಚ್ಚಾದ ನೀರಲ್ಲಿ ಗಿಡವೇ ಹುಳಕ್ಕಿಂತ ಮುಂದೋಡುತ್ತದೆ. ನದಿಯ ಹಿನ್ನೀರಿನಂಥ ದೊಡ್ಡ ವಿಸ್ತಾರಕ್ಕೆ ಇದು ಸರಿಯಾದ ದಾರಿ, 20 ಗುಂಟೆಗೆ ಕೈಬಲೆಯೇ ಮೇಲು.

ನಾಲೆಗೆ ತಳ್ಳುವ ಮಾತನ್ನಂತೂ ದಯವಿಟ್ಟು ಅಲ್ಲೇ ನಿಲ್ಲಿಸಿ. ಮೋಶಿಯ ನಾಲೆ ಇಂದ್ರಾಯಣಿಗೆ, ಇಂದ್ರಾಯಣಿ ಆಳಂದಿ ದಾಟಿ ತುಳಾಪುರದಲ್ಲಿ ಭೀಮೆಗೆ. ಭೀಮೆ ಉಜನಿ ಅಣೆಕಟ್ಟಿಗೆ, ಪಂಢರಪುರಕ್ಕೆ, ಮುಂದೆ ನಿಮ್ಮದೇ ತಾಲ್ಲೂಕಿನ ಸೊನ್ನ ಬ್ಯಾರೇಜಿಗೆ, ಗಾಣಗಾಪುರದ ಸಂಗಮಕ್ಕೆ. ಬಹಳಷ್ಟು ಗಿಡ ಉಜನಿಯಲ್ಲೇ ತಡೆದು ನಿಂತೀತು, ನಿಂತಲ್ಲೇ ಮರಿ ಹಾಕೀತು. ಗೇಟು ತೆರೆದ ದಿನ ಮುಂದೆ ಸಾಗೀತು. ಬ್ಯಾರೇಜುಗಳ ನಿಂತ ನೀರು ಅದಕ್ಕೆ ಹೇಳಿ ಮಾಡಿಸಿದ ಮನೆ. ಮುಂಬಯಿ, ಗೋವಾದ ಕಡಲಂಚಿನ ಖಾಡಿಗಳಲ್ಲಾದರೆ ಉಪ್ಪುನೀರು ಇದನ್ನು ಕೊಲ್ಲುತ್ತದೆ. ಸಮುದ್ರದ ನೀರಿನ ಕಾಲು ಭಾಗದಷ್ಟು ಉಪ್ಪಿದ್ದರೂ ಇದು ಬದುಕದು. ದಖ್ಖನಿನ ನದಿಗಳಿಗೆ ಆ ರಕ್ಷಣೆ ಇಲ್ಲ.

ಸೊಳ್ಳೆಯ ವಿಷಯ. ಜಲಪರ್ಣಿಯ ನಡುವೆ ಹುಟ್ಟುವ ಮ್ಯಾನ್ಸೋನಿಯಾ ಸೊಳ್ಳೆಯ ಮರಿ ಉಸಿರಾಡಲು ನೀರಿನ ಮೇಲಕ್ಕೆ ಬರುವುದಿಲ್ಲ, ಗಿಡದ ಬೇರಿಗೆ ಕೊಳವೆ ಚುಚ್ಚಿ ಅದರೊಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಆದ್ದರಿಂದ ಎಣ್ಣೆ ಹಾಕಿದರೂ ಸಾಯುವುದಿಲ್ಲ. ಗಿಡ ಹೋದರೆ ಅದೂ ಹೋಗುತ್ತದೆ. ಕ್ಯೂಲೆಕ್ಸ್ ಎಂಬ ಇನ್ನೊಂದು ಸೊಳ್ಳೆ ಮಾತ್ರ ತೆರೆದ ಕೊಳಚೆಯಲ್ಲೂ ಇರುತ್ತದೆ. ಅದಕ್ಕೆ ಮತ್ತೆ ಎಸ್‌ಟಿಪಿಯ ಕಡೆಗೇ ಬರಬೇಕು.

ಗೊಬ್ಬರ ಖಂಡಿತ ಆಗುತ್ತದೆ, ಆದರೆ ಎಲ್ಲಿ ಹಾಕುವುದು ಅನ್ನುವುದನ್ನು ಯೋಚಿಸಿ. ಈ ಗಿಡ ಕ್ಯಾಡ್ಮಿಯಂ, ಕ್ರೋಮಿಯಂ, ಸೀಸವನ್ನು ಹೀರಿಕೊಳ್ಳುತ್ತದೆ, ಹೆಚ್ಚಿನ ಪಾಲನ್ನು ಬೇರಲ್ಲಿ ಇಟ್ಟುಕೊಳ್ಳುತ್ತದೆ. ಸುತ್ತ ಭೋಸರಿ, ಚಾಕಣದ ಕಾರ್ಖಾನೆಗಳಿರುವ ಜಾಗ ನಿಮ್ಮದು. ಹೊಂಡಕ್ಕೆ ಹಿಂದೆ ಏನೇನು ಸುರಿದಿದ್ದಾರೋ. ಬೇರನ್ನು ಕತ್ತರಿಸಿ ಬೇರೆ ಇಡಿ. ಬಾಡಿದ ಎಲೆ-ತೊಟ್ಟನ್ನು ಮೇವು ಕತ್ತರಿಸುವ ಯಂತ್ರದಲ್ಲಿ ಎರಡು-ಮೂರು ಇಂಚಿನ ತುಂಡು ಮಾಡಿ. ಮೂರು ಬುಟ್ಟಿ ಜಲಪರ್ಣಿಗೆ ಒಂದು ಬುಟ್ಟಿ ಒಣ ತರಗೆಲೆ, ತೂಕದ ಹತ್ತನೇ ಒಂದು ಪಾಲು ಸಗಣಿ ಬಗ್ಗಡ. ಐದಡಿ ಅಗಲ, ನಾಲ್ಕಡಿ ಎತ್ತರದ ಉದ್ದನೆ ದಿಬ್ಬ ಮಾಡಿ. ಒಣ ಎಲೆ ಕಡಿಮೆಯಾದರೆ ಕುಸಿದು, ಗಾಳಿಯಾಡದೆ ನಾರುತ್ತದೆ. ಸಾಮಾನ್ಯವಾಗಿ ಕೆಡುವುದು ಇಲ್ಲೇ. ಮೊದಲ ವಾರ ಒಳಗಿನ ಬಿಸಿ 55 ಡಿಗ್ರಿ ದಾಟಿ ಮೂರು ದಿನ ನಿಲ್ಲಬೇಕು, ಉದ್ದ ಕಡ್ಡಿಯ ಥರ್ಮಾಮೀಟರ್ ಚುಚ್ಚಿ ನೋಡಿ. ಇಲ್ಲದಿದ್ದರೆ ಬೀಜವೂ ಬುಡವೂ ಬದುಕಿಬಿಡುತ್ತವೆ. 7, 15, 25ನೇ ದಿನ ತಿರುವಿ ಹಾಕಿದರೆ ಎರಡೂವರೆ ತಿಂಗಳಿಗೆ ಹದವಾಗುತ್ತದೆ. ಬಳಸುವ ಮುಂಚೆ ಪರೀಕ್ಷೆ ಮಾಡಿಸಿ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರದ ಕಾಂಪೋಸ್ಟಿನಲ್ಲಿ ಕಿಲೋಗೆ ಕ್ಯಾಡ್ಮಿಯಂ 5, ಕ್ರೋಮಿಯಂ 50, ಸೀಸ 100 ಮಿಲಿಗ್ರಾಂ ದಾಟಬಾರದು. ಒಳಗಿದ್ದರೂ ಮೊದಲ ವರ್ಷ ದಾರಿಬದಿಯ ಮರ, ಹೂವಿನ ಗಿಡಕ್ಕೆ ಹಾಕಿ, ತರಕಾರಿ ಮಡಿಗೆ ಬೇಡ. ದನಕ್ಕೆ ಮೇವಾಗಿ ಹಾಕುವುದೂ ಬೇಡ. ಸಾರವಿಲ್ಲ, ಆಕ್ಸಲೇಟಿನ ಹರಳುಗಳಿಂದ ಗಂಟಲು ಕೆರೆಯುತ್ತದೆ.

"ಅದು ನೀರು ಶುದ್ಧ ಮಾಡುತ್ತದಂತಲ್ಲ, ಇರಲಿ ಬಿಡಿ" ಅಂತಲೂ ಸಭೆಯಲ್ಲಿ ಯಾರೋ ಅಂದಾರು. ವಾರವಾರ ಕೊಯ್ದು ಹೊರಗೆ ಸಾಗಿಸಿದರೆ ಮಾತ್ರ ಆ ಮಾತು ನಿಜ. ಕೊಯ್ಯದೆ ಬಿಟ್ಟ ಗಿಡ ಹೀರಿದ್ದನ್ನೆಲ್ಲ ಕೊಳೆತು ಹಿಂದಿರುಗಿಸುತ್ತದೆ. ಆ ಕೆಲಸಕ್ಕೆ ಕಾಬಾಳೆ, ಲಾವಂಚ ನೆಟ್ಟ ತೇಲುವ ತಟ್ಟೆಗಳನ್ನು ಎಸ್‌ಟಿಪಿಯ ಬಾಯಿಯ ಬಳಿ ಕಟ್ಟಿ. ಅವು ಕಟ್ಟಿದಲ್ಲೇ ಇರುತ್ತವೆ, ತಿಂಗಳಿಗೊಮ್ಮೆ ಮೇಲ್ಭಾಗ ಸವರಿದರೆ ಆಯಿತು.

ಹೊಂಡದ ಜಾಗ ಯಾರ ಹೆಸರಲ್ಲಿದೆ ಎಂದು ಸಾತ್‌ಬಾರಾ ಉತಾರದಲ್ಲಿ (ನಮ್ಮ ಕಡೆಯ ಪಹಣಿಯಂಥ ಜಮೀನಿನ ದಾಖಲೆ) ನೋಡಿ, ಮಾಲೀಕರಿಗೂ ಪಾಲಿಕೆಗೂ ಬರೆದು ಒಪ್ಪಿಗೆ ತೆಗೆದುಕೊಂಡೇ ಯಂತ್ರ ಇಳಿಸಿ. ಗುತ್ತಿಗೆಯ ಕಾಗದದಲ್ಲಿ ಎಷ್ಟು ಟನ್ ಅಥವಾ ಎಷ್ಟು ದಿನ ಎಂದು ಬರೆಯಿಸದೆ, ಕೊನೆಗೆ ಎಷ್ಟು ಗಿಡ ಉಳಿದಿರಬೇಕು ಎಂದು ಬರೆಯಿಸಿ. ಹಣದಲ್ಲಿ 60 ಪಾಲು ಯಂತ್ರದ ಕೆಲಸ ಮುಗಿದಾಗ, ಉಳಿದ 40 ಪಾಲು ಫೆಬ್ರುವರಿ ಕೊನೆಯ ವಾರ. ಆ ದಿನ ಗುತ್ತಿಗೆದಾರ ಮತ್ತು ಸಮಿತಿಯ ಇಬ್ಬರು ಸೇರಿ ಬಿಸಿಲಿರುವಾಗ ದಂಡೆ ಪೂರ್ತಿ ಸುತ್ತಿ, ಸಿಕ್ಕ ಗಿಡಗಳನ್ನು ಒಂದೊಂದಾಗಿ ಎತ್ತಿ ಬಕೆಟ್ಟಿಗೆ ಹಾಕಿ ಎಣಿಸಲಿ. ಹತ್ತಕ್ಕಿಂತ ಹೆಚ್ಚು ಸಿಕ್ಕರೆ ಇನ್ನೂ ಮೂರು ಸುತ್ತು ಹೊಡೆದ ಮೇಲೆಯೇ ಬಾಕಿ ಹಣ.